ಆಚರಣೆಯ ದಿನ ಶಾಲೆ ಲೆಕ್ಕ ಒಪ್ಪಿಸಲಿ

ಜೂನ್ 5ರಂದು ವಿಶ್ವ ಪರಿಸರ ದಿನ, ಜುಲೈ ಮೊದಲ ವಾರದಲ್ಲಿ ವನಮಹೋತ್ಸವ, ಡಿಸೆಂಬರ್ 29ರಂದು ಕುವೆಂಪು ಜನ್ಮದಿನದ ನಿಮಿತ್ತ ವಿಶ್ವಮಾನವ ದಿನ. ಮಲೆನಾಡಿನ ನಮ್ಮ ಪ್ರೌಢಶಾಲೆಗಳಲ್ಲಿ ಪರಿಸರಕ್ಕೂ ವಿಶ್ವಕ್ಕೂ ಮೀಸಲಾದ ದಿನಗಳಿಗೆ ಕೊರತೆಯಿಲ್ಲ. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದು ಶಿಕ್ಷಣವನ್ನು ಕುರಿತದ್ದು. 2030ರೊಳಗೆ ಎಲ್ಲ ವಿದ್ಯಾರ್ಥಿಗಳೂ ಸುಸ್ಥಿರ ಬದುಕಿನ ಹಾಗೂ ವಿಶ್ವಪೌರತ್ವದ ತಿಳಿವಳಿಕೆ ಪಡೆಯಬೇಕೆಂಬ ಆಶಯವೂ ಅದರಲ್ಲಿದೆ. ಆಶಯವೇನೋ ಹಿರಿದು. ಆದರೆ ಭಾಷಣ, ಜಾಥಾ, ಪ್ರಬಂಧ ಸ್ಪರ್ಧೆ, ಸಸಿ ಹಿಡಿದ ಗಣ್ಯರ ಛಾಯಾಚಿತ್ರ, ಇಷ್ಟರಲ್ಲಿಯೇ ಆಚರಣೆ ಮುಗಿದರೆ ಆ ತಿಳಿವಳಿಕೆ ಮಕ್ಕಳಿಗೆ ಎಲ್ಲಿಂದ ಬರಬೇಕು?

ವಿಶ್ವಪೌರತ್ವವೆಂಬುದು ಮೂಲತಃ ಕೊಡುಕೊಳ್ಳುವಿಕೆಯ ಲೆಕ್ಕ. ನಮ್ಮೂರಿಗೆ ಜಗತ್ತಿನಿಂದ ಬಂದದ್ದೇನು, ನಮ್ಮೂರಿನಿಂದ ಹೋದದ್ದೇನು, ಅದರ ಬೆಲೆ ತೆತ್ತವರಾರು ಎಂಬುದನ್ನು ಬಲ್ಲ ವಿದ್ಯಾರ್ಥಿಯೇ ವಿಶ್ವದ ಪ್ರಜೆ.

ಉದಾಹರಣೆಗೆ ತೋಟದಾಚೆ ಹೋಗಬೇಕಿಲ್ಲ. ಅಡಿಕೆಯ ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣವು 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ರೂಪುಗೊಂಡಿತು. ಕೊನೆಗಳಿಗೆ ಕೊಟ್ಟೆ ಕಟ್ಟಿ ಫಸಲು ಕಾಯುತ್ತಿದ್ದ ನಮ್ಮ ಬೆಳೆಗಾರರಿಗೆ ಅದನ್ನು ಶಿಫಾರಸು ಮಾಡಿದವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಒಂದು ಅಡಿಕೆ ಕೊನೆಯಲ್ಲಿ ಮೂರು ಖಂಡಗಳ ಕಥೆಯಿದೆ! ಇದು ಜಗತ್ತು ನಮಗೆ ಮಾಡಿದ ಉಪಕಾರ. ಆದರೆ ಮೈಲುತುತ್ತದಲ್ಲಿರುವ ತಾಮ್ರವು ಕೊಳೆತು ಇಲ್ಲವಾಗುವ ವಸ್ತುವಲ್ಲ. ಅದು ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲಿ ಶೇಖರವಾಗುತ್ತದೆ. ಮಿತಿಮೀರಿದರೆ ಎರೆಹುಳುಗಳಿಗೆ ಹಾನಿ. ಆ ಸಾಲವನ್ನು ತೀರಿಸಬೇಕಾದವರು ಇಂದು ಎಂಟನೆಯ ತರಗತಿಯಲ್ಲಿ ಕುಳಿತಿರುವ ಮಕ್ಕಳು. ಹಾಗೆಯೇ ಪಶ್ಚಿಮ ಘಟ್ಟದ ಕಾಳುಮೆಣಸನ್ನು ಇಂದು ವಿಯೆಟ್ನಾಂ ನಮಗಿಂತ ಹೆಚ್ಚು ಬೆಳೆಯುತ್ತಿದೆ. ಅಲ್ಲಿಯ ಫಸಲು ಇಲ್ಲಿಯ ಧಾರಣೆಯನ್ನು ಅಲುಗಿಸುತ್ತದೆ. ಇಂತಹ ಪಾಠಕ್ಕಿಂತ ಮಿಗಿಲಾದ ವಿಶ್ವಪರಿಚಯ ಬೇರೆಲ್ಲಿದೆ?

ಆದುದರಿಂದ ಪ್ರತಿ ಪ್ರೌಢಶಾಲೆಯೂ ಒಂದು ಪರಿಸರ ಲೆಕ್ಕದ ಪುಸ್ತಕವನ್ನು ಇಡಬೇಕೆಂಬುದು ನನ್ನ ಸೂಚನೆ. ಮೂರು ವಿಷಯಗಳು ಸಾಕು: ಬಿದ್ದ ಮಳೆ, ಬಾವಿಯ ನೀರಿನ ಮಟ್ಟ, ನೆಟ್ಟ ಸಸಿಗಳಲ್ಲಿ ಬದುಕಿದವು ಎಷ್ಟು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಡು 300 ಚದರ ಮೀಟರ್, ವರ್ಷದ ಮಳೆ 2,500 ಮಿ.ಮೀ. ಎಂದಿಟ್ಟುಕೊಂಡರೆ ಮಾಡಿನ ಮೇಲೆ ಸುರಿಯುವುದು 7.5 ಲಕ್ಷ ಲೀಟರ್. 150 ಮಕ್ಕಳು ತಲಾ 10 ಲೀಟರಿನಂತೆ 220 ದಿನ ಬಳಸಿದರೂ ಬೇಕಾಗುವುದು 3.3 ಲಕ್ಷ ಲೀಟರ್. ಹೀಗಿದ್ದೂ ಮಾರ್ಚ್ ತಿಂಗಳಲ್ಲಿ ಬಾವಿಯ ತಳ ಕಾಣುವುದೇಕೆ? ಮಕ್ಕಳೇ ಈ ಪ್ರಶ್ನೆ ಕೇಳುವಂತಾದರೆ ಇಂಗುಗುಂಡಿಯ ಮಹತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ. ವನಮಹೋತ್ಸವದಂದು ಹೊಸ ಸಸಿ ನೆಡುವ ಮೊದಲು ಹಿಂದಿನ ವರ್ಷದ ಸಸಿಗಳ ಲೆಕ್ಕವನ್ನು ಸಭೆಯಲ್ಲಿ ಓದಲಿ. ಅಕೇಶಿಯಾದ ಬದಲು ನೇರಳೆ, ಹಲಸು, ಮುರುಗಲು ನೆಟ್ಟರೆ ಹಕ್ಕಿಗಳಿಗೂ ಮಕ್ಕಳಿಗೂ ಹಣ್ಣು ಸಿಗುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿರುವ ಶಿಕ್ಷಕರ ಮೇಲೆ ಇದು ಮತ್ತೊಂದು ಹೊರೆಯಲ್ಲವೇ ಎಂದು ಕೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. ಆದರೆ ಮಳೆ ಅಳೆಯಲು ನೇರ ಬದಿಯ ಒಂದು ಪಾತ್ರೆ ಮತ್ತು ಅಳತೆಪಟ್ಟಿ, ಬಾವಿಗೆ ಗಂಟು ಹಾಕಿದ ಒಂದು ಹಗ್ಗ ಸಾಕು. ವಿದ್ಯಾರ್ಥಿಗಳೇ ಸರದಿಯಂತೆ ದಿನಕ್ಕೆ ಹತ್ತು ನಿಮಿಷ ವಿನಿಯೋಗಿಸಿದರೆ ಕೆಲಸ ಆಗುತ್ತದೆ. ಗಣಿತದ ಸರಾಸರಿ, ವಿಜ್ಞಾನದ ಜಲಚಕ್ರ ಎರಡೂ ಅದರಲ್ಲಿಯೇ ಅಡಗಿವೆ.

1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಹಿಮಾಲಯದ ಚಿಪ್ಕೋದಿಂದ ಸ್ಫೂರ್ತಿ ಪಡೆದು ತಮ್ಮ ಕಾಡಿನ ಮರಗಳನ್ನು ಅಪ್ಪಿಕೊಂಡರು. ಹೊರಗಿನ ಅರಿವನ್ನು ಊರಿನ ಕೆಲಸವಾಗಿಸುವ ದಾರಿಯನ್ನು ಅವರು ತೋರಿಸಿದ್ದಾರೆ. ಪಾಲಕರೂ ಶಾಲಾಭಿವೃದ್ಧಿ ಸಮಿತಿಯ ಸದಸ್ಯರೂ ಮುಂದಿನ ಸಭೆಯಲ್ಲಿಯೇ ಈ ಪುಸ್ತಕದ ವಿಷಯವನ್ನು ಎತ್ತಬೇಕು. ವಿದ್ಯಾರ್ಥಿ ಮಿತ್ರರೇ, ನೀವು ಸಭೆಗಾಗಿ ಕಾಯಬೇಕಿಲ್ಲ. ನಾಳೆಯೇ ಹಗ್ಗಕ್ಕೆ ಗಂಟು ಹಾಕಿ.