ಸ್ಟೇರಿಂಗಿನ ಆಟ ಮತ್ತು ತಪಾಸಣೆಯ ಕೂಲಿ

ಮುಂಬಯಿಯ ಹೋಟೆಲುಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು, ಕೈಗೆ ಬಂದ ಫಂಡಿನ ಹಣದೊಡನೆ ಊರಿಗೆ ಮರಳುವ ನಮ್ಮ ಬಂಧುಗಳಲ್ಲಿ ಕೆಲವರು ಹಳೆಯ ಜೀಪೊಂದನ್ನು ಕೊಂಡು ಬಾಡಿಗೆಗೆ ಓಡಿಸುವ ಹವಣಿಕೆಯಲ್ಲಿರುತ್ತಾರೆ. ಮಲೆನಾಡಿನ ತೋಟದ ದಾರಿಗಾಗಲಿ, ಕೊಡಚಾದ್ರಿಯಂಥ ಕಲ್ಲು ಕೊರಕಲಿನ ಹಾದಿಗಾಗಲಿ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಹೊಸದನ್ನು ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಮಂದಿಗಿದೆ? ಆದುದರಿಂದ ನಾಲ್ಕಾರು ಕೈ ಬದಲಾದ, ಲಕ್ಷಕ್ಕೂ ಮಿಕ್ಕಿ ಮೈಲು ಓಡಿದ ಜೀಪೇ ನಮ್ಮ ಪಾಲಿಗೆ ಬರುತ್ತದೆ. ಈ ಗಾಡಿಗೂ ಮುಂಬಯಿಗೂ ಹಳೆಯ ನಂಟುಂಟು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ಅಮೇರಿಕದ ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಜೋಡಿಸತೊಡಗಿದುದು ಇಲ್ಲಿಯ ಮಜಗಾಂವಿನಲ್ಲಿ.

ಇಂಥ ಜೀಪಿನಲ್ಲಿ ಮೊತ್ತಮೊದಲು ಕಾಣುವ ದೋಷ ಸ್ಟೇರಿಂಗಿನ ಸಡಿಲ. ಗ್ಯಾರೇಜಿನವರು ಇದನ್ನು ಪ್ಲೇ ಎನ್ನುತ್ತಾರೆ, ನಾವು ಆಟವೆನ್ನೋಣ. ನೆಟ್ಟಗಿನ ರಸ್ತೆಯಲ್ಲೂ ಸ್ಟೇರಿಂಗನ್ನು ಅತ್ತ ಇತ್ತ ತಿರುವುತ್ತಲೇ ಇರಬೇಕು. ನಾಲ್ಕು ಬೆರಳಿನಷ್ಟು ತಿರುಗಿಸಿದರೂ ಮುಂದಿನ ಚಕ್ರ ಅಲುಗುವುದಿಲ್ಲ. ಗ್ಯಾರೇಜಿಗೆ ಹೋದೊಡನೆ ಬರುವ ತೀರ್ಪು ಒಂದೇ: “ಸ್ಟೇರಿಂಗ್ ಬಾಕ್ಸ್ ಹೋಗಿದೆ, ಬದಲಾಯಿಸಬೇಕು.” ಈ ತೀರ್ಪನ್ನು ತಪಾಸಣೆಯಿಲ್ಲದೆ ಒಪ್ಪತಕ್ಕದ್ದಲ್ಲ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ಬಾಕ್ಸ್ ಬದಲಾದ ಮೇಲೂ ಅಷ್ಟೇ ಆಟ ಉಳಿದ ಗಾಡಿಗಳನ್ನು ನಾವು ಕಂಡಿದ್ದೇವೆ.

ಕಾರಣ ಸರಳವಾಗಿದೆ. ಚಾಲಕನ ಕೈಗೂ ನೆಲ ಮುಟ್ಟುವ ಟಯರಿಗೂ ನಡುವೆ ಒಂದಲ್ಲ, ಏಳೆಂಟು ಕೀಲುಗಳಿವೆ. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಬಾಕ್ಸಿನಿಂದ ಹೊರಟ ತೋಳು ಡ್ರಾಗ್ ಲಿಂಕನ್ನು ದೂಡುತ್ತದೆ. ಅದು ನಡುವಿನ ಬೆಲ್ ಕ್ರಾಂಕನ್ನು ತಿರುಗಿಸುತ್ತದೆ. ಅಲ್ಲಿಂದ ಎರಡು ಟೈರಾಡುಗಳು ಎಡಬಲದ ಚಕ್ರಗಳಿಗೆ ಹೋಗುತ್ತವೆ. ಚಕ್ರಗಳು ಕಿಂಗ್ ಪಿನ್ನಿನ ಮೇಲೆ ತಿರುಗುತ್ತವೆ. ಬಾಕ್ಸಿನ ಹೊರಗೆ ಒಂದೇ ಮಿಲ್ಲಿಮೀಟರಿನಷ್ಟು ಸವೆತವಾದರೂ ಅದು ಚಾಲಕನ ಕೈಯಲ್ಲಿ ಸುಮಾರು ಒಂದು ಅಂಗುಲದ ಆಟವಾಗಿ ತೋರುತ್ತದೆ. ನಾಲ್ಕು ಕೀಲುಗಳಲ್ಲಿ ಕೂದಲೆಳೆಯಷ್ಟು ಸವೆದರೆ ಸಾಕು, ಬಾಕ್ಸ್ ನಿರಪರಾಧಿಯಾಗಿದ್ದರೂ ಅದರ ಮೇಲೆ ಆರೋಪ ಬರುತ್ತದೆ.

ಹಾಗಾದರೆ ಕಳ್ಳನನ್ನು ಹಿಡಿಯುವುದು ಹೇಗೆ? ಇದಕ್ಕೆ ಯಂತ್ರ ಬೇಡ, ಇಬ್ಬರು ಮನುಷ್ಯರು ಬೇಕು. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಜ್ಯಾಕ್ ಹಾಕುವುದು ಆಮೇಲೆ. ಮೊದಲು ಭಾರವೆಲ್ಲ ಚಕ್ರದ ಮೇಲೆಯೇ ಇರಬೇಕು. ಒಬ್ಬನು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರಲಿ, ಇನ್ನೊಬ್ಬನು ಕೆಳಗೆ ಮಲಗಿ ನೋಡಲಿ. ನೋಡುವುದಕ್ಕಿಂತ ಮುಟ್ಟುವುದು ಮೇಲು. ಒಂದು ಬೆರಳನ್ನು ಕೀಲಿನ ಎರಡೂ ಭಾಗಕ್ಕೆ ತಾಗುವಂತೆ ಇಟ್ಟರೆ ಕಣ್ಣಿಗೆ ಕಾಣದ ಆಟ ಬೆರಳಿಗೆ ತಿಳಿಯುತ್ತದೆ. ಗಿರಣಿಯಲ್ಲಿ ಮಗ್ಗದ ಮೇಲೆ ಕೈಯಿಟ್ಟು ಯಾವ ಬೇರಿಂಗ್ ಹೋಗಿದೆಯೆಂದು ಹೇಳುತ್ತಿದ್ದ ಜಾಬರರನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೇಲಿನಿಂದ ಕೆಳಗೆ ಕ್ರಮವಾಗಿ ಬರಬೇಕು. ಮೊದಲು ಬಾಕ್ಸ್ ಚಾಸಿಗೆ ಕೂತ ಜಾಗ. ಅಲ್ಲಿಯ ಬೋಲ್ಟು ಸಡಿಲವಾಗಿದ್ದರೆ ಅಥವಾ ಚಾಸಿಯೇ ಬಿರುಕು ಬಿಟ್ಟಿದ್ದರೆ ಬಾಕ್ಸ್ ಪೂರ್ತಿಯಾಗಿ ಅಲುಗುತ್ತದೆ. ಅದಕ್ಕೆ ಹೊಸ ಬಾಕ್ಸ್ ತಂದು ಕೂರಿಸಿದರೆ ಅದೂ ಅಲುಗುವುದು! ಬಾಕ್ಸ್ ಗಟ್ಟಿಯಾಗಿದ್ದು, ಮೇಲಿನ ದಂಡ ತಿರುಗಿದರೂ ಕೆಳಗಿನ ತೋಳು ಸುಮ್ಮನಿದ್ದರೆ ಮಾತ್ರ ದೋಷ ಬಾಕ್ಸಿನದು. ತೋಳು ಕೂಡಲೇ ತಿರುಗಿದರೆ ಮುಂದಕ್ಕೆ ಹೋಗಿರಿ: ಡ್ರಾಗ್ ಲಿಂಕಿನ ಎರಡು ತುದಿ, ಬೆಲ್ ಕ್ರಾಂಕಿನ ಪಿನ್ನು, ಟೈರಾಡಿನ ತುದಿಗಳು. ಇವುಗಳಲ್ಲಿ ಬೆಲ್ ಕ್ರಾಂಕನ್ನು ಜನ ಮರೆಯುವುದೇ ಹೆಚ್ಚು. ಅದು ಕೆಸರಿನ ಎರಚಿಗೆ ಸಿಕ್ಕಿ, ಗ್ರೀಸು ಕಾಣದೆ, ಸದ್ದಿಲ್ಲದೆ ಸವೆಯುತ್ತದೆ.

ಆಮೇಲೆ ಜ್ಯಾಕ್. ಗಾಡಿಯನ್ನು ಎತ್ತಿ, ಕೆಳಗೆ ಗಟ್ಟಿಯಾದ ಆಧಾರ ಕೊಟ್ಟು, ಚಕ್ರದ ಮೇಲ್ತುದಿ ಕೆಳತುದಿ ಹಿಡಿದು ಅಲುಗಿಸಬೇಕು. ಆಟವಿದ್ದರೆ ಅದು ಚಕ್ರದ ಬೇರಿಂಗಿನದೋ ಕಿಂಗ್ ಪಿನ್ ಬೇರಿಂಗಿನದೋ? ಒಬ್ಬನು ಬ್ರೇಕ್ ಪೆಡಲ್ ಒತ್ತಿ ಹಿಡಿಯಲಿ. ಆಟ ಮಾಯವಾದರೆ ಚಕ್ರದ ಬೇರಿಂಗು, ಉಳಿದರೆ ಕಿಂಗ್ ಪಿನ್. ಕಿಂಗ್ ಪಿನ್ನಿನ ಸಡಿಲವನ್ನು ಅನೇಕ ವೇಳೆ ತೆಳುವಾದ ಶಿಮ್‌ಗಳನ್ನು ತೆಗೆದು ಸರಿಪಡಿಸಬಹುದು. ಬೇರಿಂಗ್ ತುಕ್ಕು ಹಿಡಿದಿದ್ದರೆ ಬದಲಾಯಿಸದೆ ವಿಧಿಯಿಲ್ಲ. ಗುಂಡಿಗೆ ಬಿದ್ದೊಡನೆ ಮುಂದಿನ ಚಕ್ರಗಳೆರಡೂ ಹುಚ್ಚು ಹಿಡಿದಂತೆ ಅದುರುವ ಜೀಪಿನಲ್ಲಿ ಮೊದಲು ಸಂಶಯಪಡಬೇಕಾದ ಜಾಗಗಳಲ್ಲಿ ಇದೊಂದು. ಆ ಅದುರನ್ನು ಅಡಗಿಸಲು ಸ್ಟೇರಿಂಗಿಗೆ ಡ್ಯಾಂಪರ್ ಹಾಕಿಸಿಕೊಳ್ಳುವವರಿದ್ದಾರೆ. ಜ್ವರಕ್ಕೆ ಕಂಬಳಿ ಹೊದೆಸಿದ ಹಾಗೆ. ಕಮಾನು ಪಟ್ಟಿಯ ಬುಶ್, ಯು ಬೋಲ್ಟ್, ಟಯರಿನ ಗಾಳಿ ಇವನ್ನೂ ನೋಡಿರಿ.

ನಮ್ಮನ್ನು ಹೆಚ್ಚು ಹೆದರಿಸುವುದು ಇನ್ನೊಂದು ರೂಢಿ. ಬಾಕ್ಸಿನ ಮೇಲಿರುವ ತಿರುಪನ್ನು ಬಿಗಿದು “ಸರಿಯಾಯಿತು” ಎಂದು ಕಳುಹಿಸುವುದು. ಗಾಡಿ ಹೆಚ್ಚು ಓಡುವುದು ನೆಟ್ಟಗೆ. ಆದುದರಿಂದ ಬಾಕ್ಸ್ ನಡುವಿನಲ್ಲಿ ಹೆಚ್ಚು, ಎರಡು ಬದಿಗಳಲ್ಲಿ ಕಡಿಮೆ ಸವೆದಿರುತ್ತದೆ. ನಡುವಿನ ಸಡಿಲ ಹೋಗುವಷ್ಟು ಬಿಗಿದರೆ ಬದಿಗೆ ತಿರುಗಿದಾಗ ಅದು ಕಚ್ಚಿಕೊಳ್ಳುತ್ತದೆ. ಪೇಟೆಯಲ್ಲಿ ನಾಲ್ಕು ಹೆಜ್ಜೆ ಓಡಿಸಿದಾಗ ಗೊತ್ತಾಗದು. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ತಿರುವು ಮುಗಿದರೂ ಸ್ಟೇರಿಂಗ್ ನೆಟ್ಟಗೆ ಹಿಂತಿರುಗದಿದ್ದರೆ ಹಿಂದೆ ಕುಳಿತವರ ಗತಿಯೇನು? ತಿರುಪನ್ನು ಮುಟ್ಟುವುದಿದ್ದರೆ ಉಳಿದೆಲ್ಲ ಕೀಲುಗಳನ್ನು ನೋಡಿದ ಮೇಲೆ, ಡ್ರಾಗ್ ಲಿಂಕನ್ನು ಬಿಡಿಸಿ, ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಎಲ್ಲೂ ಕಚ್ಚದಂತೆ ನೋಡಿಕೊಂಡು ಮುಟ್ಟಬೇಕು.

ಇಷ್ಟನ್ನು ಬಲ್ಲ ಮೇಸ್ತ್ರಿಗಳು ಇಲ್ಲವೆ? ಧಾರಾಳವಾಗಿ ಇದ್ದಾರೆ. ಅವರು ನೋಡದಿರುವುದಕ್ಕೆ ಅವರನ್ನೇ ಹಳಿಯುವುದು ನಮಗೆ ಒಪ್ಪಿಗೆಯಿಲ್ಲ. ಕೆಳಗೆ ಮಲಗಿ ಒಂದು ಗಂಟೆ ತಡಕಾಡಿ, “ಬಾಕ್ಸ್ ಸರಿಯಿದೆ, ಎರಡು ಬೋಲ್ಟು ಬಿಗಿದಿದ್ದೇನೆ” ಎಂದವನಿಗೆ ನಾವು ಏನು ಕೊಡುತ್ತೇವೆ? ಒಂದು ಚಹ. ಹೊಸ ಬಾಕ್ಸ್ ಹಾಕಿದವನಿಗಾದರೋ ಚೌಕಾಶಿ ಮಾಡಿಯಾದರೂ ಸಾವಿರಗಟ್ಟಲೆ ಎಣಿಸುತ್ತೇವೆ. ಸಾಮಾನಿಗೆ ಹಣ, ತಿಳಿವಿಗೆ ಧರ್ಮ ಎಂಬ ಲೆಕ್ಕ ನಾವೇ ಹಾಕಿಕೊಟ್ಟದ್ದು. ದೋಸೆ ಕಾವಲಿಗೆ ಅಂಟುತ್ತಿರುವುದು ಹಿಟ್ಟಿನ ದೋಷವೋ ಬೆಂಕಿಯ ದೋಷವೋ ಎಂದು ಒಂದೇ ನೋಟಕ್ಕೆ ಹೇಳುವ ಭಟ್ಟರಿಗೆ ಆ ನೋಟಕ್ಕಾಗಿ ಧಣಿ ಪಗಾರ ಹೆಚ್ಚಿಸುವುದಿಲ್ಲವೆಂದು ಗೊಣಗುವವರು ನಾವಲ್ಲವೆ? ಗ್ಯಾರೇಜಿನಲ್ಲಿ ನಾವು ಧಣಿಯ ಜಾಗದಲ್ಲಿ ನಿಂತಾಗ ಅದೇ ಮಾತು ಏಕೆ ಮರೆತುಹೋಗಬೇಕು?

ಆದುದರಿಂದ ಜೀಪು ಕೊಳ್ಳುವ ಮೊದಲೇ, ಮುಂಗಡ ಕೊಡುವ ಮೊದಲೇ, ಒಬ್ಬ ಮೇಸ್ತ್ರಿಯನ್ನು ಕೂಲಿ ಗೊತ್ತುಮಾಡಿ ಕರೆದೊಯ್ಯಿರಿ. ದೋಷ ಸಿಗಲಿ ಸಿಗದಿರಲಿ, ನೋಡಿದ ಹೊತ್ತಿಗೆ ಇಷ್ಟು ಎಂದು ಮೊದಲೇ ಮಾತಾಗಲಿ. ನೀವೇ ಸ್ಟೇರಿಂಗ್ ಆಡಿಸುತ್ತ ಕುಳಿತುಕೊಳ್ಳಿರಿ. ಯಾವ ಕೀಲು, ಎಷ್ಟು ಆಟ ಎಂದು ಅವರಿಂದ ಕೇಳಿ ಬರೆದುಕೊಳ್ಳಿರಿ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಳ್ಳಿರಿ. ಕೀಲುಗಳನ್ನು ಬಿಚ್ಚಿದಾಗ ತೆಗೆದ ಕಾಟರ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ತುರುಕಲು ಬಿಡಬೇಡಿರಿ. ಒಮ್ಮೆ ಮಡಿಸಿದ ಪಿನ್ನು ಎರಡನೆಯ ಸಲ ಮುರಿಯುತ್ತದೆ, ಅದು ಮುರಿದರೆ ನಟ್ಟು ಕಳಚುತ್ತದೆ.