ಗಾಳಿಕೋವಿಯ ಶ್ರುತಿ

ಜನರು ಏರ್‌ಗನ್ ಎಂದು ಕರೆಯುವ ಗಾಳಿಕೋವಿಯು ಜಾತ್ರೆಯಲ್ಲಿ ಬಲೂನು ಒಡೆಯುವ ಆಟದ ಸಾಮಾನೆಂದು ತಿಳಿದವರು ಇಂದಿಗೂ ನಮ್ಮಲ್ಲಿ ಬಹುಸಂಖ್ಯರು. ಆ ತಿಳಿವಳಿಕೆ ಈಗ ಹಳೆಯದಾಯಿತು. ಅಂಗಡಿಯಿಂದ ತಂದ ಕೋವಿಯನ್ನು ಬಿಚ್ಚಿ, ಸ್ಪ್ರಿಂಗನ್ನು ಬದಲಿಸಿ, ಪಿಸ್ಟನ್ನಿನ ತುದಿಯ ಮುದ್ರೆಯನ್ನು ತಾವೇ ಕಡೆದು ಕೂಡಿಸಿ, ಕುದುರೆಯ ಕೀಲುಗಳನ್ನು ಉಜ್ಜಿ ನಯಗೊಳಿಸಿ, ಅದರ ಬಲವನ್ನು ಹೆಚ್ಚಿಸುವುದರಲ್ಲಿ ಬಿಡುವಿನ ವೇಳೆಯನ್ನೆಲ್ಲ ಕಳೆಯುವ ಒಂದು ಹವ್ಯಾಸಿ ವರ್ಗವು ದೇಶದಲ್ಲಿ ಬೆಳೆದಿದೆ. ದೊಡ್ಡ ಪಟ್ಟಣಗಳ ಈ ಹವ್ಯಾಸವು ನಮ್ಮ ಕಾರವಾರ, ಅಂಕೋಲೆಗಳ ಕಡೆಗೆ ಬಾರದೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಇದನ್ನು ಕಂಡು ಹುಬ್ಬು ಗಂಟಿಕ್ಕುವವರುಂಟು. ಗಾಳಿಕೋವಿಗಳನ್ನೆಲ್ಲ ಒಮ್ಮೆಗೇ ನಿಷೇಧಿಸಿಬಿಡಬೇಕೆನ್ನುವವರೂ ಉಂಟು. ನಾವು ಆ ಮತದವರಲ್ಲ. ಆದರೆ ಈ ಹವ್ಯಾಸವು ಹಿಡಿದಿರುವ ಹಾದಿ ಸರಿಯಾದುದೆಂದೂ ನಾವು ಹೇಳಲಾರೆವು.

ನಿಷೇಧದ ಮಾತಿಗೆ ನಾವು ಏಕೆ ಒಪ್ಪುವುದಿಲ್ಲವೆಂಬುದನ್ನು ಮೊದಲು ಹೇಳುವೆವು. ಲಾರ್ಡ್ ಲಿಟನ್ನನ ಆಳಿಕೆಯಲ್ಲಿ, 1878ರಲ್ಲಿ, ಹುಟ್ಟಿದ ಆಯುಧಗಳ ಕಾಯಿದೆಯು ಈ ದೇಶದ ಪ್ರಜೆಯ ಕೈಯನ್ನು ಬರಿದುಮಾಡಿ ಯುರೋಪಿಯನ್ನನಿಗೆ ವಿನಾಯಿತಿಯನ್ನಿತ್ತಿತು. ಆ ಅಪಮಾನವನ್ನು ರಾಷ್ಟ್ರವು ಮರೆತಿರಲಿಲ್ಲ. ಆದುದರಿಂದಲೇ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಠರಾವಿನಲ್ಲಿ, 1931ರಲ್ಲಿ ಮುಂಬಯಿಯಲ್ಲಿ ಪರಿಷ್ಕೃತವಾದ ರೂಪದಲ್ಲಿ, ನಿಯಮಗಳಿಗೊಳಪಟ್ಟು ಆಯುಧವನ್ನಿಟ್ಟುಕೊಳ್ಳುವ ಹಕ್ಕೂ ಸೇರಿತ್ತು. ಅಹಿಂಸೆಯ ದೀಕ್ಷೆ ತೊಟ್ಟ ಸಂಸ್ಥೆಯು ಇದನ್ನು ಬರೆದುದರಲ್ಲಿ ಅಸಂಗತವೇನೂ ಇರಲಿಲ್ಲ. ನಿರಾಯುಧನ ಅಹಿಂಸೆಯು ನಿರುಪಾಯವೆನಿಸಿಕೊಳ್ಳುವ ಭಯವುಂಟು. ನಮ್ಮ ಸಂವಿಧಾನವು ಆ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಲಿಲ್ಲ, 1959ರ ಕಾಯಿದೆಯು ಪರವಾನಗಿಯ ಪದ್ಧತಿಯನ್ನೇ ಮುಂದುವರಿಸಿತು ಎಂಬುದು ನಿಜ. ಆದರೂ 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘವು ಸ್ಥಾಪಿತವಾದಾಗ ಅದರ ಮೊದಲ ಅಧ್ಯಕ್ಷರಾದವರು, ಮುಂದೆ ಲೋಕಸಭೆಯ ಮೊದಲ ಸಭಾಪತಿಗಳಾದ ಗಣೇಶ ವಾಸುದೇವ ಮಾವಳಂಕರರು. ಗಾಂಧೀಜಿಯವರ ಅನುಯಾಯಿಗಳಾಗಿ ಸೆರೆಮನೆ ಕಂಡ ಆ ಮಹನೀಯರಿಗೆ ಗುರಿಯ ಅಭ್ಯಾಸವು ತ್ಯಾಜ್ಯವೆಂದು ತೋರಲಿಲ್ಲ.

ಕನ್ನಡ ನಾಡಿನೊಳಗೇ ಇದಕ್ಕೆ ಉದಾಹರಣೆಯುಂಟು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬಹುಕಾಲದ ವಿನಾಯಿತಿಯಿದ್ದು, 2019ರ ಅಧಿಸೂಚನೆಯು ಅದನ್ನು 2029ರ ವರೆಗೆ ಬೆಳೆಸಿದೆ. ಕೈಲ್‌ಪೊಳ್ದಿನ ಹಬ್ಬದಲ್ಲಿ ಕೋವಿಯನ್ನು ಹೂವಿನಿಂದ ಪೂಜಿಸಿ, ಬಳಿಕ ಊರವರೆಲ್ಲರ ಎದುರಿಗೆ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಇಲ್ಲಿ ನಾವು ಗಮನಿಸಬೇಕಾದುದು ಆ ಎದುರುತನವನ್ನು. ಹಿರಿಯರು ನೋಡುತ್ತಿದ್ದಾರೆ, ಗುರಿ ಗೊತ್ತಾಗಿದೆ, ಗುಂಡು ಎಲ್ಲಿಗೆ ಹೋಗುವುದೆಂಬುದು ಗೊತ್ತಾಗಿದೆ. ಕದ ಮುಚ್ಚಿದ ಕೋಣೆಯಲ್ಲಿ ಬಲ ಹೆಚ್ಚಿಸಿಕೊಂಡು ಸಂಜೆಗತ್ತಲಲ್ಲಿ ಹೊರಬೀಳುವ ಕೋವಿಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಅಳೆದುಕೊಳ್ಳಲಿ.

ಗಾಳಿಕೋವಿಯು ಅಲ್ಪವಸ್ತುವೇನೂ ಅಲ್ಲ. 1780ರ ಸುಮಾರಿಗೆ ಆಸ್ಟ್ರಿಯದ ಸೈನ್ಯವು ಜಿರಾರ್ಡೋನಿ ಎಂಬವನು ರಚಿಸಿದ ಗಾಳಿರೈಫಲನ್ನು ಯುದ್ಧಕ್ಕೆಂದೇ ಸ್ವೀಕರಿಸಿತು. ಹಿಡಿಯೊಳಗಿನ ಗಾಳಿಯ ಬುರುಡೆಯನ್ನು ತುಂಬಲು ಸುಮಾರು ಸಾವಿರದ ಐನೂರು ಸಲ ಪಂಪು ಒತ್ತಬೇಕಿದ್ದಿತಂತೆ. ಆದರೆ ಒಮ್ಮೆ ತುಂಬಿದರೆ ಹೊಗೆಯಿಲ್ಲದೆ ಇಪ್ಪತ್ತು ಗುಂಡುಗಳು. 1803ರಲ್ಲಿ ಅಮೆರಿಕೆಯ ಪಶ್ಚಿಮವನ್ನು ಶೋಧಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕರು ಒಂದು ಗಾಳಿರೈಫಲನ್ನು ಕೊಂಡೊಯ್ದು ದಾರಿಯ ಜನರಿಗೆ ಹಾರಿಸಿ ತೋರಿಸಿದರು. ಇಂದಿನ ಕೋವಿಗಳಲ್ಲಿ ಸ್ಪ್ರಿಂಗಿನವು ಒಂದು ಜಾತಿ. ಮೊದಲೇ ಗಾಳಿ ತುಂಬಿಟ್ಟ ಬುರುಡೆಯವು ಇನ್ನೊಂದು. ಎರಡನೆಯದರ ಬುರುಡೆಯಲ್ಲಿ ಒತ್ತಡವು 200 ಬಾರ್ ವರೆಗೂ ಇರುತ್ತದೆ. ಮೋಟಾರಿನ ಚಕ್ರದಲ್ಲಿರುವ ಒತ್ತಡದ ತೊಂಬತ್ತು ಪಟ್ಟಿನಷ್ಟಾಯಿತು! ಇಂತಹ ಬುರುಡೆಯನ್ನು ಊರ ಲೇತಿನಲ್ಲಿ ಕಡೆಸಿ ಕೂಡಿಸಿಕೊಳ್ಳುವವನು ಹಕ್ಕಿಗಿಂತ ಮೊದಲು ತನ್ನ ಮುಖವನ್ನೇ ಗುರಿಯಾಗಿಟ್ಟುಕೊಂಡಿದ್ದಾನೆ.

ಈ ಹವ್ಯಾಸಿಗಳು ತಮ್ಮ ಕೆಲಸಕ್ಕೆ ‘ಟ್ಯೂನಿಂಗ್’ ಎಂಬ ಹೆಸರಿಟ್ಟಿದ್ದಾರೆ. ನಮ್ಮ ಮಾತಿನಲ್ಲಿ ಶ್ರುತಿಮಾಡುವುದು. ಹೆಸರು ಬಹು ಚೆನ್ನಾಗಿದೆ; ಅದರ ಅರ್ಥವನ್ನು ಮಾತ್ರ ಹಲವರು ಮರೆತಿದ್ದಾರೆ. ವೈಣಿಕನು ತಂತಿಯನ್ನು ಬಿಗಿಯುವುದು ಸ್ವರವು ನಿಲ್ಲುವವರೆಗೆ, ತಂತಿ ಹರಿಯುವವರೆಗಲ್ಲ. ಸ್ಪ್ರಿಂಗಿನ ಕೋವಿಯಲ್ಲಿ ನಿಜವಾದ ಶ್ರುತಿಯೆಂದರೆ ಒಳಗಿನ ಗಡುಸು ಅಂಚುಗಳನ್ನು ತೆಗೆಯುವುದು, ಸ್ಪ್ರಿಂಗು ಅಲುಗದಂತೆ ಅದರ ಒಳಗೂಟವನ್ನು ಬಿಗಿಯಾಗಿ ಹೊಂದಿಸುವುದು, ಗಾಳಿ ಸೋರದ ಮುದ್ರೆಯನ್ನು ಕೂಡಿಸುವುದು, ಕುದುರೆಯು ಪ್ರತಿಸಲವೂ ಒಂದೇ ಭಾರಕ್ಕೆ ಬೀಳುವಂತೆ ಮಾಡುವುದು. ಪಿಸ್ಟನ್ನು ಮುನ್ನುಗ್ಗುವಾಗ ಕೋವಿಯು ಹಿಂದಕ್ಕೆ ಒದೆದು, ಅದು ತುದಿ ಮುಟ್ಟುವಾಗ ಮುಂದಕ್ಕೆ ಜಗ್ಗುವುದು ಈ ಜಾತಿಯ ಹುಟ್ಟುಗುಣ. ಗುಂಡು ನಳಿಗೆಯನ್ನು ಬಿಡುವ ಮೊದಲೇ ಈ ಎರಡು ಕುಲುಕಾಟಗಳೂ ನಡೆದುಹೋಗುತ್ತವೆ. ಅವನ್ನು ಹತ್ತು ಹನ್ನೆರಡು ಸಂಜೆಗಳ ತಾಳ್ಮೆಯಿಂದ ಪಳಗಿಸಿದವನ ಕೈಚಳಕವು ಗಡಿಯಾರ ರಿಪೇರಿಯವನ ಕೈಚಳಕಕ್ಕೆ ಕಡಿಮೆಯಾದುದಲ್ಲ. ನಾವು ಅದನ್ನು ಮನಃಪೂರ್ವಕ ಮೆಚ್ಚುತ್ತೇವೆ. ಇದನ್ನು ಬಿಟ್ಟು ದಪ್ಪ ಸ್ಪ್ರಿಂಗನ್ನು ತುರುಕುವುದು, ಪಿಸ್ಟನ್ನಿನ ಮುಂದೆ ಎಣ್ಣೆ ಬಿಟ್ಟು ಅದು ಒತ್ತಡದ ಕಾವಿಗೆ ಹೊತ್ತಿ ಢಮ್ಮೆನ್ನುವುದನ್ನು ಕೇಳಿ ಹಿಗ್ಗುವುದು, ಇವು ಶ್ರುತಿಯಲ್ಲ. ಅದರಿಂದ ಮುದ್ರೆ ಸುಡುತ್ತದೆ, ಸ್ಪ್ರಿಂಗು ಮುರಿಯುತ್ತದೆ, ಗುರಿಯೂ ತಪ್ಪುತ್ತದೆ. ಗುಂಡಿನ ವೇಗವು ಶಬ್ದದ ವೇಗವನ್ನು ಸಮೀಪಿಸಿದಂತೆ, ನಡು ಸಣ್ಣಗಿರುವ ಆ ಸೀಸದ ಕಿರುಗುಂಡು ತೂರಾಡತೊಡಗುವುದನ್ನು ಬಲ್ಲ ಹವ್ಯಾಸಿಗಳೇ ಹೇಳುತ್ತಾರೆ.

ಬಲವೇ ಹಿರಿಮೆಯಾಗಿದ್ದರೆ 2008ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ಅವರು ಸ್ವರ್ಣಪದಕವನ್ನು ಗೆಲ್ಲುತ್ತಿರಲಿಲ್ಲ. ಭಾರತೀಯನೊಬ್ಬನು ಒಲಿಂಪಿಕ್ಸಿನಲ್ಲಿ ಒಬ್ಬಂಟಿಯಾಗಿ ಗೆದ್ದ ಆ ಮೊದಲ ಸ್ವರ್ಣವು ಗಾಳಿರೈಫಲಿನಿಂದಲೇ ಬಂದಿತು. ಆ ಸ್ಪರ್ಧೆಯ ಕೋವಿಗಳ ಬಲವು 7 ಜೂಲ್‌ಗಳ ಆಸುಪಾಸಿನದು; ದೂರವು 10 ಮೀಟರು; ನಡುವಿನ ಹತ್ತರ ಚುಕ್ಕೆಯು ಅರ್ಧ ಮಿಲಿಮೀಟರು. ನಮ್ಮ ಬೆಂಗಳೂರಿನ ಪ್ರಕಾಶ ನಂಜಪ್ಪನವರು 2014ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯನ್ನು ತಂದುದೂ ಗಾಳಿಪಿಸ್ತೂಲಿನಿಂದಲೇ. ನಮ್ಮ ತರುಣರು ಕೊಚ್ಚಿಕೊಳ್ಳುವ ಬಲದ ಅರ್ಧವೂ ಈ ಆಯುಧಗಳಲ್ಲಿಲ್ಲ.

ಇನ್ನು ಕಾಯಿದೆಯ ವಿಚಾರ. ಅಧಿಕಾರಿಗಳೂ ಹವ್ಯಾಸಿಗಳೂ ಇದನ್ನು ಗಮನವಿಟ್ಟು ಓದಬೇಕೆಂದು ಪ್ರಾರ್ಥಿಸುತ್ತೇವೆ. 1962ರ ನಿಯಮಗಳ ಕಾಲದಲ್ಲಿ ಒಂದಂಗುಲ ದಪ್ಪದ ಮೆದುಮರದ ಹಲಗೆಯೇ ಪರೀಕ್ಷಕನಾಗಿದ್ದಿತು. ನಿಗದಿಯಾದ ದೂರದಿಂದ ಹಾರಿಸಿದ ಗುಂಡು ಅದನ್ನು ತೂರಿಹೋಗದಿದ್ದರೆ ಆ ಕೋವಿಗೆ ಪರವಾನಗಿ ಬೇಕಿರಲಿಲ್ಲ. ಯಾವ ಬಡಗಿಯಾದರೂ ಮಾಡಬಹುದಾದ ಪರೀಕ್ಷೆ. 2016ರ ಆಯುಧ ನಿಯಮಗಳು ಹಲಗೆಯನ್ನು ತೆಗೆದು ಅಂಕೆಯನ್ನಿಟ್ಟವು: ನಳಿಗೆಯ ಬಾಯಲ್ಲಿ ಬಲವು 20 ಜೂಲ್‌ಗಳನ್ನು ಮೀರಿದರೆ, ಇಲ್ಲವೆ ರಂಧ್ರವು ನಾಲ್ಕೂವರೆ ಮಿಲಿಮೀಟರಿಗಿಂತ ದೊಡ್ಡದಾದರೆ ಪರವಾನಗಿ ಬೇಕು. ಅಂಕೆಯು ಹಲಗೆಗಿಂತ ನಿಖರವೇ ಸರಿ. ಆದರೆ ಜೂಲ್ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಮತ್ತು ಅದು ವೇಗದ ವರ್ಗದಂತೆ ಬೆಳೆಯುತ್ತದೆ. 18 ಜೂಲ್‌ಗಳ ಕೋವಿಯೊಂದನ್ನು ಒಬ್ಬನು ಕಾಯಿದೆಬದ್ಧವಾಗಿ ಕೊಂಡು ತಂದನೆನ್ನಿರಿ. ಹೊಸ ಸ್ಪ್ರಿಂಗು ಹಾಕಿ ಗುಂಡಿನ ವೇಗವನ್ನು ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿಸಿದನು. ಬಲವು ನೂರಕ್ಕೆ ಇಪ್ಪತ್ತೊಂದರಷ್ಟು ಏರಿ 21 ಜೂಲ್‌ಗಳನ್ನು ದಾಟಿತು. ಬೆಳಿಗ್ಗೆ ಹವ್ಯಾಸಿಯಾಗಿದ್ದವನು ಸಂಜೆಗೆ ಪರವಾನಗಿಯಿಲ್ಲದ ಆಯುಧದ ಒಡೆಯನಾದನು; ಸೆರೆವಾಸದ ಶಿಕ್ಷೆಗೆ ಪಾತ್ರನಾದನು; ಇದೊಂದೂ ಅವನಿಗೆ ತಿಳಿಯದು. ಐದೂವರೆ ಮಿಲಿಮೀಟರಿನ ನಳಿಗೆಯನ್ನು ಜೋಡಿಸಿದವನಂತೂ ಬಲ ಹೆಚ್ಚಲಿ ಬಿಡಲಿ ಗೆರೆಯನ್ನು ದಾಟಿಯೇ ಬಿಟ್ಟನು. 1959ರ ಕಾಯಿದೆಯಲ್ಲಿ ಬಂದೂಕಿನ ವ್ಯಾಖ್ಯೆಯು ಮದ್ದಿಗೆ ಸೀಮಿತವಾಗಿಲ್ಲ. ಇತರ ಯಾವ ಶಕ್ತಿಯಿಂದ ಗುಂಡು ಹಾರಿದರೂ ಅದು ಬಂದೂಕೇ. ಗಾಳಿ ತಾನೇ ಎಂಬ ವಾದಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಇಷ್ಟೆಲ್ಲವನ್ನೂ ನಾವು ಮಂಜಗುಣಿಯನ್ನು ಕಣ್ಮುಂದೆ ಇಟ್ಟುಕೊಂಡು ಬರೆಯುತ್ತಿದ್ದೇವೆ. ಗಂಗಾವಳಿಯು ಸಮುದ್ರವನ್ನು ಸೇರುವ ಆ ಅಳಿವೆಯ ದಂಡೆಯಲ್ಲಿ ಕೋವಿ ಹಿಡಿದು ನಿಂತವನ ಮುಂದೆ ಏನಿದೆ? ಬಯಲು ನೀರು, ಮರಳು, ಆಚೆ ದಂಡೆಯಲ್ಲಿ ಗಂಗಾವಳಿ ಊರು. ಗುಂಡನ್ನು ತಡೆದು ನುಂಗುವ ಒಂದು ದಿಣ್ಣೆಯೂ ಎದುರಿಗಿಲ್ಲ. ಬಲಿಷ್ಠ ಗಾಳಿಕೋವಿಯ ಕಿರುಗುಂಡು ಮುನ್ನೂರು ಗಜಕ್ಕೂ ಮಿಕ್ಕಿ ಹಾರಬಲ್ಲುದು. ಓರೆಯಾಗಿ ನೀರಿಗೆ ತಗುಲಿದರೆ, ಮಕ್ಕಳು ಎಸೆದ ಚಪ್ಪಟೆ ಕಲ್ಲಿನಂತೆ ಪುಟಿದು ಎತ್ತಲೋ ಹೋಗುತ್ತದೆ. ಇಳಿತದ ಹೊತ್ತಿಗೆ ಅಳಿವೆಯಲ್ಲಿ ಚಿಪ್ಪು ಹೆಕ್ಕುವವರೂ ಬಲೆ ಬೀಸುವವರೂ ದೋಣಿಯಲ್ಲಿ ಸಾಗುವವರೂ ಇರುತ್ತಾರೆ. ಆ ಗುಂಡು ಎದೆಯನ್ನು ಸೀಳದಿರಬಹುದು. ಕಣ್ಣನ್ನು ತೆಗೆಯಲು ಅದರ ಕಾಲುಭಾಗದ ಬಲವೂ ಸಾಕು.

ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ, ಚಳಿಗಾಲಕ್ಕೆ ದೂರದಿಂದ ಬರುವ ಕಡಲಕ್ಕಿಗಳು, ಇವುಗಳ ಪರವಾಗಿ ವಾದಿಸಲು ವಕೀಲರಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಲ್ಲಿ ಕೊಲ್ಲುವುದು ಮಾತ್ರವೇ ಬೇಟೆಯಲ್ಲ. ಗಾಯಗೊಳಿಸುವುದೂ ಗೂಡು ಮೊಟ್ಟೆಗಳನ್ನು ಕೆಡಿಸುವುದೂ ಬೇಟೆಯೇ. 2022ರ ತಿದ್ದುಪಡಿಯ ಬಳಿಕ ಸಾಮಾನ್ಯ ಅಪರಾಧಕ್ಕೆ ದಂಡವು ಒಂದು ಲಕ್ಷ ರೂಪಾಯಿಯವರೆಗೆ, ಸೆರೆಯು ಮೂರು ವರ್ಷದವರೆಗೆ. ಕೋವಿಗೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಹಕ್ಕಿಯನ್ನು ಹೊಡೆಯಲು ಪರವಾನಗಿ ಸಿಕ್ಕಿತೆಂದು ತಿಳಿಯುವುದು ಶುದ್ಧ ಅಜ್ಞಾನ.

ಅರುಣಾಚಲ ಪ್ರದೇಶದಲ್ಲಿ ಈ ರೋಗವು ನಮ್ಮಲ್ಲಿಗಿಂತ ಬಹಳ ಮುಂದೆ ಹೋಗಿದ್ದಿತು. ಅಲ್ಲಿಯ ಸರಕಾರವು 2021ರಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಒಂದು ಹಳ್ಳಿಯಿಂದ ಆರಂಭಿಸಿ, ಗಾಳಿಕೋವಿಗಳನ್ನು ಸ್ವಇಚ್ಛೆಯಿಂದ ಒಪ್ಪಿಸಿರೆಂದು ಜನರನ್ನು ಕೇಳಿಕೊಂಡಿತು. ಆ ವರ್ಷ ಮುಗಿಯುವುದರೊಳಗೆ 1,600ಕ್ಕೂ ಮೇಲ್ಪಟ್ಟು ಕೋವಿಗಳು ಬಂದುವು. ಬೆದರಿಸದೆ ಕೇಳಿದರೆ ಜನ ಕೊಡುತ್ತಾರೆ. ಆದರೆ ಅಲ್ಲಿ ಕೋವಿಯು ಬೇಟೆಯ ಸಾಧನವಾಗಿದ್ದಿತು. ಇಲ್ಲಿ ಅದು ಹವ್ಯಾಸದ ವಸ್ತು. ಕಿತ್ತುಕೊಂಡರೆ ಕೈಚಳಕವೂ ಹೋಗುತ್ತದೆ, ಇಲ್ಲವೆ ಅಟ್ಟವನ್ನೇರಿ ಅಡಗುತ್ತದೆ.

ಆದುದರಿಂದ ನಾವು ಕೇಳುವುದು ಎರಡನ್ನು. ಗುಂಡಿನ ವೇಗವನ್ನಳೆಯುವ ಕ್ರೋನೋಗ್ರಾಫ್ ಎಂಬ ಯಂತ್ರವು ಈಗ ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುತ್ತದೆ. ಅಂತಹದೊಂದು ತಾಲೂಕಿನ ಪೊಲೀಸ್ ಠಾಣೆಯಲ್ಲಿರಲಿ. ತಿಂಗಳಿಗೊಂದು ದಿನ ಯಾರೇ ಆಗಲಿ ತಮ್ಮ ಕೋವಿಯನ್ನು ತಂದು ಅಳೆಯಿಸಿಕೊಳ್ಳಲಿ. ಮಿತಿಯನ್ನು ಮೀರಿದುದು ಕಂಡರೆ ಹಳೆಯ ಸ್ಪ್ರಿಂಗಿಗೆ ಮರಳಲು, ಇಲ್ಲವೆ ಪರವಾನಗಿಗೆ ಅರ್ಜಿ ಹಾಕಲು ಅವಕಾಶವು ಸಿಗುವಂತೆ ಮೇಲಧಿಕಾರಿಗಳು ನಿಯಮದೊಳಗೇ ದಾರಿ ಮಾಡಲಿ. ತಾನಾಗಿ ಬಂದವನನ್ನು ಮೊದಲ ದಿನವೇ ಹಿಡಿದು ಕೂಡಿಸಿದರೆ ಎರಡನೆಯವನು ಬಾರನು. ಇನ್ನೊಂದು, ಗುರಿಯ ಅಭ್ಯಾಸಕ್ಕೆ ಗೊತ್ತಾದ ಒಂದು ಸ್ಥಳ. ಕಲ್ಲು ತೆಗೆದು ಬಿಟ್ಟ ಚಿರೆಕಲ್ಲಿನ ಕಣಿಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಪಾಳುಬಿದ್ದಿವೆ. ಮೂರು ಕಡೆ ಗೋಡೆಯಿದ್ದೇ ಇದೆ; ಗುಂಡು ಕಲ್ಲಿಗೆ ತಗುಲಿ ಮರಳದಂತೆ ಎದುರುಗೋಡೆಗೆ ಆಳೆತ್ತರದ ಮರಳಿನ ದಿಣ್ಣೆಯೊಂದನ್ನು ಆನಿಸಿದರೆ ಸಾಕು. ಬಿದ್ದ ಸೀಸವನ್ನು ವರ್ಷಕ್ಕೊಮ್ಮೆ ಜರಡಿ ಹಿಡಿದು ತೆಗೆಯದಿದ್ದರೆ ಅದು ಮಳೆನೀರಿನೊಡನೆ ಬಾವಿಗಿಳಿಯುವುದೆಂಬ ಎಚ್ಚರಿಕೆಯೂ ಇರಲಿ. ಯಂತ್ರದ ಬೆಲೆಯನ್ನೂ ಮರಳಿನ ಬಾಡಿಗೆಯನ್ನೂ ಹವ್ಯಾಸಿಗಳು ತಮ್ಮೊಳಗೆ ವಂತಿಗೆ ಎತ್ತಿ ಭರಿಸಬಲ್ಲರು. ಕಣಿಯನ್ನು ತೋರಿಸಿ ಅನುಮತಿಯ ಕಾಗದವನ್ನು ಕೊಡಬೇಕಾದುದು ಕಾರವಾರದ ಜಿಲ್ಲಾ ಕಚೇರಿ.