ಅಂಗಳದ ಹಳೆಯ ವಾಹನ ಮತ್ತು ಹಳ್ಳದ ನೀರು

ಅಡಿಕೆಯ ಹಣ ಕೈಸೇರಿದೊಡನೆ ಮಲೆನಾಡಿನ ಅನೇಕ ಮನೆಗಳ ಅಂಗಳಕ್ಕೆ ಹಳೆಯ ಓಮ್ನಿಯೋ ಜೀಪೋ ಬಂದು ನಿಲ್ಲುತ್ತದೆ. ಮಾರುತಿ 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿತು. ಆದರೂ ಬಸ್ಸು ಅಪರೂಪವಾಗಿರುವ ಊರುಗಳಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೂ ಗೊಬ್ಬರ ಹೊರುವುದೂ ಇವೇ. ಪರಿಸರದ ಹೆಸರಿನಲ್ಲಿ ಇವನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರೆಂದು ಉಪದೇಶಿಸುವುದು ಸುಲಭ. ಹೊಸ ವಾಹನದ ಉಕ್ಕು ಎಲ್ಲಿಯೋ ಒಂದು ಬೆಟ್ಟವನ್ನು ಅಗೆದೇ ಬರುತ್ತದೆಂಬುದನ್ನು, 2005ರ ಕೊನೆಯವರೆಗೂ ಕುದುರೆಮುಖದ ಗಣಿಯನ್ನು ಕಂಡ ಜನರಿಗೆ ವಿವರಿಸಬೇಕಾಗಿಲ್ಲ. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ವಾಹನವನ್ನು ಸುಸ್ಥಿತಿಯಲ್ಲಿಟ್ಟು ಬಳಸುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು ಅದನ್ನು ಇಟ್ಟುಕೊಳ್ಳುವ ರೀತಿಯಲ್ಲಿ.

ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುತ್ತಾರೆ, ಬಣ್ಣ ನೋಡುತ್ತಾರೆ. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು. ತುಕ್ಕು ತಿಂದ ತಳಕ್ಕೆ ಅಂಥ ಚಿಕಿತ್ಸೆ ಇಲ್ಲ. ಮಳೆನಾಡಿನ ವಾಹನವನ್ನು ಕೆಳಗಿನಿಂದಲೇ ಪರೀಕ್ಷಿಸಬೇಕು. ನೆಲಹಾಸನ್ನು ಎತ್ತಬೇಕು, ತಳದಲ್ಲಿ ಹೊಸ ಕಪ್ಪು ಬಣ್ಣ ಕಂಡರೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ಕೊಳೆರೋಗಕ್ಕೆ ಔಷಧಿ ಹೊಡೆಯುವ ತೋಟಗಳ ವಾಹನಗಳಲ್ಲಿ ಇನ್ನೊಂದು ಶತ್ರುವಿದೆ. ಮೈಲುತುತ್ತದ ನೀರು ಚೆಲ್ಲಿದೆಡೆ ತಾಮ್ರವು ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂದು ಬಲ್ಲ ರೈತನೇ ಮೈಲುತುತ್ತದ ಒದ್ದೆ ಚೀಲವನ್ನು ವಾಹನದೊಳಗೆ ಮರೆತುಬಿಡುತ್ತಾನೆ! ಪೊಟ್ಯಾಷ್ ಚೀಲವೂ ಹಾಗೆಯೇ. ಅದೂ ಉಪ್ಪಿನ ಜಾತಿಯದು.

ಘಟ್ಟದ ರಸ್ತೆಯಲ್ಲಿ ಬ್ರೇಕ್ ದ್ರವದ ವಿಚಾರವನ್ನು ಅಲಕ್ಷಿಸುವಂತಿಲ್ಲ. ಅದು ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ದ್ರವ ಆಗುಂಬೆಯಂಥ ಇಳಿಜಾರಿನಲ್ಲಿ ಕಾದು ಕುದಿದರೆ, ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯದು. 2 ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಅಲ್ಪ.

ದಾಖಲೆಗಳ ಬಗ್ಗೆ ಊರಿನಲ್ಲಿ ಸಲಿಗೆ ಹೆಚ್ಚು. ವಾಹನ ಮೂರು ಕೈ ಬದಲಾಗಿದ್ದರೂ ಹೆಸರು ಮೊದಲಿನವರದೇ ಇರುತ್ತದೆ. ಅಪಘಾತವಾದರೆ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಆದುದರಿಂದ ಮಾರುವವರಿಗೂ ಇದು ಚಿಂತೆಯ ವಿಷಯ. 15 ವರ್ಷ ಕಳೆದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು. ಬೆಲೆ ಮಾತನಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯುವುದು ಜಾಣತನ.

ಎಲ್ಲಕ್ಕಿಂತ ಕಳವಳಕಾರಿಯಾದುದು ಹೊಗೆಯಲ್ಲ, ಬಳಸಿದ ಎಣ್ಣೆ. ಸಣ್ಣ ಕಾರೊಂದರಿಂದ ಒಮ್ಮೆಗೆ ಸುಮಾರು 3 ಲೀಟರ್ ಕಪ್ಪು ಎಣ್ಣೆ ಇಳಿಯುತ್ತದೆ. ಅದು ಗ್ಯಾರೇಜಿನ ಹಿಂದಿನ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ ಸೇರುತ್ತದೆ. ಅದೇ ಹಳ್ಳದ ನೀರು ಕೆಳಗಿನ ತೋಟಕ್ಕೆ ಹರಿಯುತ್ತದೆ. ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೆ ಬಳಿಯುವವರೂ ಇದ್ದಾರೆ. ಸವೆದ ಲೋಹದ ಕಣಗಳೂ ಉರಿದ ಇಂಧನದ ವಿಷಾಂಶಗಳೂ ಬೆರೆತ ಈ ಎಣ್ಣೆ ನಮ್ಮ ಮಳೆಗೆ ಗೂಟದ ಮೇಲೆ ನಿಲ್ಲುವುದೇ? ಕಾನೂನಿನ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ, ಪರವಾನಗಿಯುಳ್ಳ ಸಂಸ್ಕರಣಕಾರರಿಗೇ ಸೇರಬೇಕಾದುದು. ಒಂದು ಮನೆಯ 3 ಲೀಟರಿಗಾಗಿ ಅವರು ಘಟ್ಟ ಹತ್ತಿ ಬರುವುದಿಲ್ಲ. ಪೀಪಾಯಿ ತುಂಬಿದರೆ ಬಂದಾರು. ಸಹಕಾರಿ ಸಂಘದ ಗೋದಾಮಿನ ಮೂಲೆಯಲ್ಲಿ ಮುಚ್ಚಳವಿರುವ ಒಂದು ಪೀಪಾಯಿ ಇಡಲು ಅಡ್ಡಿಯೇನು? ಮುಂಗಾರಿಗೆ ಮೊದಲು, ಮೇ ತಿಂಗಳಿನಲ್ಲಿ, ಊರಿನ ಬಹುಪಾಲು ವಾಹನಗಳ ಎಣ್ಣೆ ಬದಲಾಗುತ್ತದೆ. ಅಷ್ಟರೊಳಗೆ ಅದು ಅಲ್ಲಿರಬೇಕು.